ಮಾಧವನಗರದ ಬ್ಯಾಟು

ಇಂದು ಒಂದು ಬ್ಯಾಟಿನ ಕಥೆ ಹೇಳಬೇಕೆಂದಿದ್ದೇನೆ. ಸಾಂಗಲಿಯ ಮಗ್ಗುಲಲ್ಲೇ ಇರುವ ಮಾಧವನಗರದ ಬ್ಯಾಟು ಅದು. ಸ್ಮೃತಿ ಮಂಧಾನಾ ಅವರ ಹೆಸರು ಕೇಳದವರು ಈ ಭಾಗದಲ್ಲಿ ಯಾರೂ ಇರಲಿಕ್ಕಿಲ್ಲ. 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವರು ಎರಡು ವರ್ಷದ ಕೂಸಾಗಿದ್ದಾಗ ಮನೆಯವರು ಮಾಧವನಗರಕ್ಕೆ ಬಂದು ನೆಲೆಸಿದರು. ಅಣ್ಣನ ಬೆನ್ನು ಹತ್ತಿ ಮೈದಾನಕ್ಕೆ ಹೋಗುತ್ತಿದ್ದ ಆ ಹುಡುಗಿ, 2025ರ ನವೆಂಬರ್ 2ರಂದು ವಿಶ್ವಕಪ್ ಗೆದ್ದ ಭಾರತ ತಂಡದ ಉಪನಾಯಕಿ.

ಒಮ್ಮೆ ಆ ಅಣ್ಣನಿಗೆ ಬೆಂಗಳೂರಿನ ರಾಹುಲ್ ದ್ರಾವಿಡ್ ಭೇಟಿಯಾದರು. ಒಂದು ಬ್ಯಾಟು ಕೊಡಿ ಎಂದು ಕೇಳಿದ್ದಕ್ಕೆ ದ್ರಾವಿಡ್ ತಮ್ಮ ಕಿಟ್ಟಿನಿಂದಲೇ ಒಂದನ್ನು ತೆಗೆದು, ಹುಡುಗನ ಹೆಸರು ಬರೆದು ಕೊಟ್ಟರು. ಗಾಜಿನ ಕಪಾಟಿನಲ್ಲಿ ಇಟ್ಟು ನೋಡಬೇಕಾದ ವಸ್ತು. ಆದರೆ ತಂಗಿ ಅದನ್ನು ಕೈಗೆತ್ತಿಕೊಂಡರು. ಕೈಗೆ ಹದವಾಗಿ ಕೂತಿತು. ಆಡಿದರು, ಸವೆದಾಗ ರಿಪೇರಿ ಮಾಡಿಸಿ ಮತ್ತೆ ಆಡಿದರು. 2013ರ ಅಕ್ಟೋಬರಿನಲ್ಲಿ ವಡೋದರಾದಲ್ಲಿ, 19 ವರ್ಷದೊಳಗಿನವರ ಪಶ್ಚಿಮ ವಲಯದ ಪಂದ್ಯದಲ್ಲಿ, ಮಹಾರಾಷ್ಟ್ರದ ಪರವಾಗಿ ಗುಜರಾತಿನ ಎದುರು 150 ಎಸೆತಗಳಲ್ಲಿ ಔಟಾಗದೆ 224 ಓಟ ಹೊಡೆದರು. ಆ ದ್ವಿಶತಕವೂ ಇದೇ ಬ್ಯಾಟಿನದೆಂದು ಅವರೇ ಹೇಳಿಕೊಂಡಿದ್ದಾರೆ.

ಈಗ ಒಂದು ಪ್ರಶ್ನೆ. ಇನ್ನು 50 ವರ್ಷಗಳ ಮೇಲೆ ಯಾರೋ ಒಬ್ಬರು ಹಳೆಯ ಬ್ಯಾಟೊಂದನ್ನು ತಂದು, "ಇದೇ ಆ ಬ್ಯಾಟು" ಎಂದರೆ ನಂಬುವುದು ಹೇಗೆ? ಸಹಿ ಇದೆಯಲ್ಲ ಎನ್ನಬಹುದು. ಸಹಿ, ಯಾರು ಬರೆದರು ಎಂಬುದನ್ನಷ್ಟೇ ಹೇಳೀತು. ಯಾರು ಆಡಿದರು, ಯಾವ ಪಂದ್ಯದಲ್ಲಿ ಆಡಿದರು ಎಂಬುದನ್ನು ಹೇಳಲಾರದು. ಅಲ್ಲದೆ ಸಹಿಯೇ ಸುಳ್ಳಿರಬಹುದು.

ಈ ಸಂಕಟವನ್ನು ಎಲ್ಲರಿಗಿಂತ ಹೆಚ್ಚು ಅನುಭವಿಸಿದವರು ಅಮೆರಿಕದವರು. ಅಲ್ಲಿಯ ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದಾಯಾದಿಯಂಥ ಆಟ. ಆಟಗಾರರು ಬಳಸಿದ ಬ್ಯಾಟು, ಅಂಗಿ, ಚೆಂಡುಗಳನ್ನು ದುಡ್ಡು ಸುರಿದು ಕೊಳ್ಳುವವರು ಅಲ್ಲಿ ಬಹಳ. ದುಡ್ಡಿದ್ದಲ್ಲಿ ಕಳ್ಳತನವೂ ಇದ್ದೇ ಇರುತ್ತದೆ. 1990ರ ದಶಕದ ಕೊನೆಗೆ ಅಲ್ಲಿಯ ಕೇಂದ್ರ ತನಿಖಾ ದಳವಾದ ಎಫ್‌ಬಿಐ, ಆಟಗಾರರ ಖೊಟ್ಟಿ ಸಹಿ ಮಾಡಿ ಮಾರುತ್ತಿದ್ದ ದೊಡ್ಡ ಜಾಲವನ್ನು ಬಯಲಿಗೆಳೆಯಿತು. ಆ ಮೇಲೆ 2001ರಿಂದ ದೊಡ್ಡ ಲೀಗಿನವರು ಒಂದು ವ್ಯವಸ್ಥೆ ಮಾಡಿದರು. ಪಂದ್ಯ ನಡೆಯುವಾಗಲೇ ಒಬ್ಬ ಸಾಕ್ಷಿದಾರ ಮೈದಾನದಲ್ಲಿ ಕೂತಿರುತ್ತಾನೆ. ಇವರಲ್ಲಿ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರೇ ಹೆಚ್ಚು. ಚೆಂಡೋ ಬ್ಯಾಟೋ ಆಟದಿಂದ ಹೊರಬಂದ ಕೂಡಲೇ ಅದಕ್ಕೆ ನಂಬರಿರುವ ಚೀಟಿ ಅಂಟಿಸಿ, ಅದು ಯಾವ ಪಂದ್ಯದ್ದೆಂದು ದಾಖಲೆ ಮಾಡುತ್ತಾನೆ.

ಅದಕ್ಕೂ ಹಿಂದಿನ ವಸ್ತುಗಳ ಗತಿ? ಅಲ್ಲಿ ಸಂಗ್ರಾಹಕರು ಮೂರು ಸಾಕ್ಷಿ ಕೇಳುತ್ತಾರೆ. ಮೊದಲನೆಯದು ಕಾಗದ. ಲೂಯಿವಿಲ್ ಎಂಬ ಊರಿನ ಹಳೆಯ ಬ್ಯಾಟು ಕಾರ್ಖಾನೆ, ಯಾವ ಆಟಗಾರನಿಗೆ ಎಷ್ಟು ಉದ್ದದ, ಎಷ್ಟು ತೂಕದ ಬ್ಯಾಟು ಕಳಿಸಿತೆಂದು ಲೆಕ್ಕದ ವಹಿ ಇಟ್ಟಿದೆ. ಕೈಯಲ್ಲಿರುವ ಬ್ಯಾಟು ಆ ವಹಿಗೆ ತಾಳೆಯಾಗಬೇಕು. ಎರಡನೆಯದು ಮೈಮೇಲಿನ ಗುರುತು: ಚೆಂಡು ಬಡಿದ ಕಲೆ, ಬಿರುಕು, ಹಿಡಿಯ ಸವೆತ. ಮರದ ನಾರಿನ ಗೆರೆಗಳಂತೂ ನಮ್ಮ ಹೆಬ್ಬೆರಳಿನ ಗುರುತಿದ್ದ ಹಾಗೆ. ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ತಾರೀಖು ಗೊತ್ತಿರುವ ಫೋಟೋ ಸಿಕ್ಕರೆ ಗೆರೆಗೆ ಗೆರೆ ಕೂಡಿಸಿ ನೋಡುತ್ತಾರೆ. ಮೂರನೆಯದು ಕೈಗಳು. ಆಟಗಾರನ ಕೈಯಿಂದ ಇಂದಿನ ಮಾಲಕನ ಕೈವರೆಗೆ ಯಾರ್‍ಯಾರ ಕೈ ದಾಟಿ ಬಂತು? ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಸಂಶಯ ಹುಟ್ಟುತ್ತದೆ.

ಇದೇ ಮಾತನ್ನು ನಮ್ಮ ಸಾಂಗಲಿಗೆ ತಂದು ನೋಡೋಣ. ವಿಜಯ ಹಜಾರೆಯವರು 1915ರ ಮಾರ್ಚ್ 11ರಂದು ಹುಟ್ಟಿದ್ದು ಸಾಂಗಲಿಯಲ್ಲಿ. 1948ರ ಜನವರಿಯಲ್ಲಿ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಒಂದೇ ಟೆಸ್ಟಿನ ಎರಡೂ ಇನಿಂಗ್ಸಿನಲ್ಲಿ ಶತಕ ಹೊಡೆದರು: 116 ಮತ್ತು 145. ಭಾರತೀಯರಲ್ಲಿ ಅದು ಮೊದಲನೆಯ ಸಾಹಸ. ಅದೇ ಸರಣಿಯ ಹೊತ್ತಿಗೆ ಬ್ರಾಡ್‌ಮನ್ ತಮ್ಮ ಹಸಿರು ಟೊಪ್ಪಿಗೆಯನ್ನು ಭಾರತ ತಂಡದ ಮ್ಯಾನೇಜರ್ ಪಂಕಜ್ ಗುಪ್ತಾ ಅವರಿಗೆ ಕೊಟ್ಟಿದ್ದರು. ಬಣ್ಣ ಮಾಸಿದ ಆ ಟೊಪ್ಪಿಗೆ 2024ರ ಡಿಸೆಂಬರಿನಲ್ಲಿ ಸಿಡ್ನಿಯ ಹರಾಜಿನಲ್ಲಿ 3,90,000 ಆಸ್ಟ್ರೇಲಿಯನ್ ಡಾಲರಿಗೆ ಹೋಯಿತು. ಬಟ್ಟೆಗೆ ಬಂದ ಬೆಲೆಯಲ್ಲ ಅದು. ಯಾರು ತೊಟ್ಟರು, ಯಾರಿಗೆ ಕೊಟ್ಟರು ಎಂದು ಹೇಳಲು ಬಂದದ್ದಕ್ಕೆ ಆ ಬೆಲೆ.

ನಾಳೆ ಸಾಂಗಲಿಯ ಹಳೆಯ ವಾಡೆಯೊಂದರಲ್ಲಿ ಹಜಾರೆಯವರದೆನ್ನುವ ಬ್ಯಾಟು ಸಿಕ್ಕಿತೆನ್ನಿ. ಅಡಿಲೇಡಿನ ಫೋಟೋಗಳ ಜೊತೆ ಕೂಡಿಸಿ ನೋಡಬೇಕು, ತಯಾರಕರ ಮುದ್ರೆ ಆ ಕಾಲದ್ದೇ ಎಂದು ತಿಳಿಯಬೇಕು. 2004ರಲ್ಲಿ ವಡೋದರಾದಲ್ಲಿ ತೀರಿಕೊಂಡ ಅವರ ಕೈಯಿಂದ ಈ ಮನೆಗೆ ಅದು ಹೇಗೆ ಬಂತೆಂದು ಕೇಳಬೇಕು. "ನಮ್ಮಜ್ಜ ಹೇಳುತ್ತಿದ್ದರು" ಎಂಬ ಮಾತು ಪ್ರೀತಿಯದು, ಆದರೆ ಅದೊಂದೇ ಸಾಲದು.

ಮಾಧವನಗರದ ಬ್ಯಾಟು ಈ ವಿಷಯದಲ್ಲಿ ಪುಣ್ಯವಂತ. ಕೊಟ್ಟವರು ಯಾರು, ಪಡೆದವರು ಯಾರು, ಆಡಿದವರು ಯಾರು, ಎಲ್ಲವೂ ಬಾಯಿಬಿಟ್ಟು ಹೇಳಲ್ಪಟ್ಟಿದೆ. ಆಡಿದ್ದರಿಂದ ಬ್ಯಾಟು ಕೆಟ್ಟಿತು ಎನ್ನುವವರೂ ಇರಬಹುದು. ನನಗೆ ಹಾಗನಿಸುವುದಿಲ್ಲ. ಕಪಾಟಿನಲ್ಲೇ ಇದ್ದಿದ್ದರೆ ಅದಕ್ಕೆ ಒಬ್ಬ ಆಟಗಾರನ ಚರಿತ್ರೆ ಮಾತ್ರ ಇರುತ್ತಿತ್ತು. ಈಗ ಇಬ್ಬರದು ಇದೆ. ಆದರೆ ರಿಪೇರಿಯಲ್ಲಿ ಹಳೆಯ ಗುರುತುಗಳು ಅಳಿಯುತ್ತವೆ. ಆದ್ದರಿಂದ ಇಂಥ ವಸ್ತುವನ್ನು ರಿಪೇರಿಗೆ ಕೊಡುವ ಮುಂಚೆ ಒಂದು, ತಂದ ಮೇಲೆ ಒಂದು ಫೋಟೋ ತೆಗೆದಿಡುವುದು ಜಾಣತನ.

ಬಂಧುಗಳೇ, ನಮ್ಮ ಮನೆಗಳಲ್ಲಿ ದ್ರಾವಿಡರ ಬ್ಯಾಟು ಇರಲಿಕ್ಕಿಲ್ಲ. ಆದರೆ ಜಾತ್ರೆಯ ಕುಸ್ತಿಯಲ್ಲಿ ಅಜ್ಜ ಗೆದ್ದ ಬೆಳ್ಳಿಯ ಕಡಗ ಎಷ್ಟೋ ಮನೆಗಳ ಟ್ರಂಕಿನಲ್ಲಿದೆ. ಯಾವ ಊರ ಜಾತ್ರೆ, ಯಾವ ವರ್ಷ, ಎದುರಾಳಿ ಯಾರು? ತಿಳಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕಷ್ಟ ಬಂದ ದಿನ ಆ ಕಡಗ ಅಕ್ಕಸಾಲಿಗನ ತಕ್ಕಡಿ ಸೇರುತ್ತದೆ. ಹೇಳುವವರಿಲ್ಲದಿದ್ದರೆ ಅದು ಬರೀ ಇಷ್ಟು ತೊಲ ಬೆಳ್ಳಿ.

ಇಂದೇ ಒಂದು ಚೀಟಿ ಬರೆದು ಅದರ ಜೊತೆ ಇಡಿ. ತಾರೀಖು ಹಾಕಿ, ಹೇಳಿದವರ ಸಹಿ ಮಾಡಿಸಿ. ಕನ್ನಡದಲ್ಲೂ ಬರೆಯಿರಿ, ಮರಾಠಿಯಲ್ಲೂ ಬರೆಯಿರಿ. ನಮ್ಮ ಮೊಮ್ಮಕ್ಕಳು ಯಾವ ಸಾಲೆಯಲ್ಲಿ ಯಾವ ಅಕ್ಷರ ಕಲಿತಾರೋ ಯಾರು ಬಲ್ಲರು? ಟ್ರಂಕು ತೆರೆದ ದಿನ ಆ ಚೀಟಿ ಅವರಿಗೆ ಓದಲು ಬರಬೇಕು.