ಅಜ್ಜಿಯ ಕೋಲಿಗೆ ರಬ್ಬರ್ ಹಾಕಿಸಿದ್ದು

ಕಣ್ಣು ಪೂರ್ತಿ ಹೋದ ಮೇಲೂ ನಮ್ಮ ಅಜ್ಜಿ ಶಂಕರಪುರದ ಮನೆಯಲ್ಲಿ ಯಾರ ಕೈಯನ್ನೂ ಹಿಡಿಯದೆ ಓಡಾಡುತ್ತಿದ್ದರು. ಚಾವಡಿಯಿಂದ ಬಾವಿಕಟ್ಟೆಗೆ, ಅಲ್ಲಿಂದ ಮಲ್ಲಿಗೆ ಗಿಡಗಳ ಹತ್ತಿರಕ್ಕೆ, ಟಕ್ ಟಕ್ ಅಂತ ಕೋಲು ಕುಟ್ಟುತ್ತಾ. ಹೇಗೆ ಅಂತ ಕೇಳಿದರೆ, "ಗೋಡೆ ಹತ್ತಿರ ಬಂದ್ರೆ ಮುಖಕ್ಕೆ ಗೊತ್ತಾಗ್ತದೆ ಮಗಾ" ಅನ್ನುತ್ತಿದ್ದರು. ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಒಂದು ಮಳೆಗಾಲ, ಜಾರದಿರಲಿ ಅಂತ ಕೋಲಿನ ತುದಿಗೆ ರಬ್ಬರ್ ಹಾಕಿಸಿದೆ. ಅದೇ ವಾರ ಅಜ್ಜಿ ಎರಡು ಸಲ ಬಾಗಿಲಿಗೆ ಹಣೆ ಬಡಿದುಕೊಂಡರು. ವಯಸ್ಸಾಯಿತು ಅಂತ ತೀರ್ಮಾನಿಸಿ ಅವರನ್ನು ಕುರ್ಚಿಯಲ್ಲಿ ಕೂರಿಸಿದೆವು.

ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ 1944ರ ಒಂದು ಪ್ರಯೋಗದ ಬಗ್ಗೆ ಓದಿದೆ.

ಅಜ್ಜಿ ಹೇಳಿದ ಮಾತು ಹಳೆಯದೇ. ಅಂಧನೊಬ್ಬ ಮುಖಕ್ಕೆ ತಾಗುವ ಗಾಳಿಯಿಂದ ವಸ್ತುಗಳ ಸಾಮೀಪ್ಯ ತಿಳಿಯುತ್ತಾನೆ ಅಂತ ಫ್ರಾನ್ಸಿನ ಡಿಡೆರೋ 1749ರಲ್ಲೇ ಬರೆದಿದ್ದ. ಅದನ್ನು ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸೂಪಾ, ಕಾಟ್ಜಿನ್ ಮತ್ತು ಡಾಲೆನ್‌ಬಾಕ್. ಸೂಪಾ ಸ್ವತಃ ಅಂಧ. ಇಬ್ಬರು ಅಂಧರನ್ನೂ ಕಣ್ಣಿಗೆ ಪಟ್ಟಿ ಕಟ್ಟಿದ ಇಬ್ಬರನ್ನೂ ಅಡ್ಡಗೋಡೆಯತ್ತ ನಡೆಸಿದರು. ಮುಖ, ಕೈ ಮುಚ್ಚಿದರೂ ಗೋಡೆ ಗೊತ್ತಾಯಿತು. ಕಿವಿ ಮುಚ್ಚಿದಾಗ ಢಿಕ್ಕಿ ಹೊಡೆದರು. ಶೂ ಬಿಚ್ಚಿಸಿ ಕಾರ್ಪೆಟ್ ಮೇಲೆ ನಡೆಸಿದಾಗ, ಹೆಜ್ಜೆಯ ಸದ್ದಿಲ್ಲದೆ, ಗೋಡೆ ಇನ್ನೂ ಹತ್ತಿರ ಬಂದ ಮೇಲಷ್ಟೇ ತಿಳಿಯಿತು.

ಕಾರ್ಪೆಟ್ ಅಂತ ಓದಿದ ಕೂಡಲೇ ನೆನಪಾದದ್ದು ನಾನು ಹಾಕಿಸಿದ ರಬ್ಬರ್. ಅಜ್ಜಿಯ ಮುಖಕ್ಕೆ ಗೊತ್ತಾಗುತ್ತಿದ್ದದ್ದು ಕೋಲಿನ ಸದ್ದು ಗೋಡೆಗೆ ತಾಗಿ ವಾಪಸ್ ಬಂದು ಕಿವಿಗೆ ಬೀಳುತ್ತಿದ್ದುದರಿಂದ. ಅದನ್ನೇ ನಾನು ಬಂದ್ ಮಾಡಿದ್ದೆ.

ಬಾವಲಿಗಳನ್ನು ಅಭ್ಯಸಿಸುತ್ತಿದ್ದ ಡೊನಾಲ್ಡ್ ಗ್ರಿಫಿನ್ ಇದಕ್ಕೆ 'ಎಕೋಲೊಕೇಶನ್' ಅಂತ ಹೆಸರಿಟ್ಟದ್ದೂ 1944ರಲ್ಲೇ. 2021ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 21ರಿಂದ 79 ವರ್ಷದವರು, ಅಂಧರೂ ಕಣ್ಣಿದ್ದವರೂ, 10 ವಾರಗಳಲ್ಲಿ ನಾಲಿಗೆ ಲೊಚಗುಟ್ಟಿ ಇದನ್ನು ಕಲಿತರು. ವಯಸ್ಸು ಅಡ್ಡಿಯಾಗಲಿಲ್ಲ.

ನೀವೂ ನೋಡಿ. ಕಣ್ಣು ಮುಚ್ಚಿ, 'ಶ್‌ಶ್' ಅನ್ನುತ್ತಾ ಊಟದ ಬಟ್ಟಲನ್ನು ಮುಖದ ಹತ್ತಿರ ತನ್ನಿ, ದೂರ ಒಯ್ಯಿರಿ. ಸದ್ದು ಬದಲಾಗುತ್ತದೆ. ಮೊದಲ ಪಾಠ ಅಷ್ಟೇ.

ಊರಿಗೆ ಹೋದಾಗ ಕರೆಂಟ್ ಹೋದರೆ ನಾನೀಗ ಮೊಬೈಲ್ ಟಾರ್ಚ್ ಹಚ್ಚುವುದಿಲ್ಲ. ಲೊಚಗುಟ್ಟುತ್ತಾ ಚಾವಡಿ ದಾಟುತ್ತೇನೆ. ಬಾಗಿಲಿಗೆ ಇನ್ನೂ ಢಿಕ್ಕಿ ಹೊಡೆಯುತ್ತೇನೆ.