ಕಥೆ ಕೇಳಿಸಿಕೊಳ್ಳದವನ ದುರಂತ: ಒಕೊಂಕ್ವೊ ಮತ್ತು ಇಗ್ಬೊ ಮೌಖಿಕ ಪರಂಪರೆ

ಚಿನುವಾ ಅಚೆಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿ 1958ರಲ್ಲಿ ಲಂಡನ್ನಿನ ಹೈನ್‌ಮನ್ ಸಂಸ್ಥೆಯಿಂದ ಪ್ರಕಟವಾಯಿತು. ನೈಜೀರಿಯಾ ಸ್ವತಂತ್ರವಾಗಲು ಆಗ ಇನ್ನೂ ಎರಡು ವರ್ಷಗಳಿದ್ದವು. ಕಾದಂಬರಿಯ ನಾಯಕ ಒಕೊಂಕ್ವೊನನ್ನು ಕುರಿತ ಚರ್ಚೆ ಅಂದಿನಿಂದ ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿಬಂದಿದೆ. ಗ್ರೀಕ್ ರುದ್ರನಾಟಕದ ಮಾದರಿಯಲ್ಲಿ ಅವನ ದುರಂತಕ್ಕೆ ಕಾರಣವಾದ ಸ್ವಭಾವದೋಷವನ್ನು ಹುಡುಕುವುದು ಒಂದು ದಾರಿ. ವಸಾಹತುಶಾಹಿಯ ಎದುರು ಮುರಿದುಬಿದ್ದ ಇಗ್ಬೊ ಪರಂಪರೆಯ ಪ್ರತಿನಿಧಿಯಾಗಿ ಅವನನ್ನು ನೋಡುವುದು ಇನ್ನೊಂದು. ಮೊದಲನೆಯದರ ಬಗ್ಗೆ ತಕರಾರಿಲ್ಲ. ಎರಡನೆಯದನ್ನು ಜಾನಪದದ ವಿದ್ಯಾರ್ಥಿಯೊಬ್ಬರು ಒಪ್ಪುವುದು ಕಷ್ಟ. ಒಕೊಂಕ್ವೊ ತನ್ನ ಪರಂಪರೆಯ ಅರ್ಧಭಾಗವನ್ನು ಮಾತ್ರ ಪರಂಪರೆಯೆಂದು ತಿಳಿದವನು. ಉಳಿದರ್ಧವನ್ನು ಹೆಂಗಸರ ಮಾತೆಂದು ಜೀವಮಾನವಿಡೀ ದೂರವಿರಿಸಿದನು. ಅವನನ್ನು ಉಳಿಸಬಹುದಾಗಿದ್ದ ತಿಳಿವಳಿಕೆ ಆ ಉಳಿದರ್ಧದಲ್ಲಿತ್ತು ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸಿದ್ದೇನೆ.

ಐತಿಹಾಸಿಕ ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ಗಮನಿಸಬೇಕು. ಸ್ಯಾಮ್ಯುಯಲ್ ಅಜಾಯಿ ಕ್ರೌಥರ್ ನೇತೃತ್ವದಲ್ಲಿ ನೈಜರ್ ನದಿಯ ದಡದ ಒನಿಟ್ಶಾದಲ್ಲಿ ಕ್ರೈಸ್ತ ಮಿಷನ್ ಆರಂಭವಾದದ್ದು 1857ರಲ್ಲಿ. ಒನಿಟ್ಶಾಕ್ಕೆ ಸಮೀಪದ ಒಗಿಡಿ ಅಚೆಬೆಯವರ ಊರು. ಅಚೆಬೆ ಹುಟ್ಟಿದ್ದು 1930ರಲ್ಲಿ; ಅವರ ತಂದೆ ಅದೇ ಮಿಷನ್ನಿನ ಧರ್ಮೋಪದೇಶಕರಾಗಿದ್ದರು. 1901-02ರ ಆರೋ ದಂಡಯಾತ್ರೆಯಿಂದ ಬ್ರಿಟಿಷ್ ಸೇನೆ ಇಗ್ಬೊ ಸೀಮೆಯ ಒಳನಾಡಿಗೆ ನುಗ್ಗಿತು. ಬಹುಪಾಲು ಇಗ್ಬೊ ಊರುಗಳಲ್ಲಿ ಅರಸರಿರಲಿಲ್ಲ. ಊರಸಭೆ, ಕುಲದ ಹಿರಿಯರು, ಬಿರುದು ಪಡೆದವರು, ಮುಖವಾಡ ಧರಿಸಿ ನ್ಯಾಯ ಹೇಳುವ ಪೂರ್ವಿಕರು, ಭೂದೇವಿಯ ಪೂಜಾರಿ, ದೈವವಾಣಿ ನುಡಿಯುವ ಪೂಜಾರಿಣಿ ಹೀಗೆ ಅಧಿಕಾರ ಹಲವರಲ್ಲಿ ಹಂಚಿಹೋಗಿತ್ತು. ಕಾದಂಬರಿಯ ಉಮುಒಫಿಯ ಇಂತಹ ಒಂಬತ್ತು ಹಳ್ಳಿಗಳ ಸಮುದಾಯ.

ಹದಿನೆಂಟನೆಯ ವಯಸ್ಸಿನಲ್ಲಿ, ಏಳು ವರ್ಷ ಯಾರಿಗೂ ಸೋಲದ ಅಮಲಿಂಝೆಯನ್ನು ಕುಸ್ತಿಯಲ್ಲಿ ಕೆಡವಿ ಒಕೊಂಕ್ವೊ ಹೆಸರಾದವನು. ಅವನ ತಂದೆ ಉನೋಕ ಕೊಳಲು ನುಡಿಸುವ, ಸಾಲ ಮಾಡಿ ಉಣ್ಣುವ, ರಕ್ತ ಕಂಡರೆ ಬೆದರುವ ಮನುಷ್ಯ. ಬಾಲ್ಯದಲ್ಲಿ ಜೊತೆಯ ಹುಡುಗನೊಬ್ಬ ಒಕೊಂಕ್ವೊನಿಗೆ ಅವನ ತಂದೆ 'ಅಗ್ಬಾಲ' ಎಂದು ಹಂಗಿಸುತ್ತಾನೆ. ಹೆಂಗಸು ಎಂಬ ಅರ್ಥದ ಆ ಪದವನ್ನು ಬಿರುದಿಲ್ಲದ ಗಂಡಸಿಗೂ ಬಳಸುತ್ತಾರೆಂದು ಕಾದಂಬರಿ ತಿಳಿಸುತ್ತದೆ. ಆ ಒಂದು ಪದದ ಭಯವೇ ಒಕೊಂಕ್ವೊನ ಬದುಕನ್ನು ಆಳಿತು. ಆದರೆ ಇಡೀ ಉಮುಒಫಿಯ ಯುದ್ಧಕ್ಕೆ ಹೊರಡುವ ಮೊದಲು ಅಪ್ಪಣೆ ಕೇಳುವ ಗುಹೆಯ ದೈವದ ಹೆಸರೂ ಅಗ್ಬಾಲ! ಬೈಗುಳ ಮತ್ತು ದೈವ ಎರಡಕ್ಕೂ ಒಂದೇ ಶಬ್ದ. ಆ ದೈವದ ಪೂಜಾರಿಣಿ ಚಿಯೆಲೊ, ಬೇರೆ ದಿನಗಳಲ್ಲಿ ಸಂತೆಯಲ್ಲಿ ಒಕೊಂಕ್ವೊನ ಹೆಂಡತಿ ಎಕ್ವೆಫಿಯ ಜೊತೆ ವ್ಯಾಪಾರಕ್ಕೆ ಕೂರುವ ವಿಧವೆ. ಇಗ್ಬೊ ಲೋಕದೃಷ್ಟಿಯಲ್ಲಿ ಒಂದು ವಸ್ತು ನಿಂತಲ್ಲಿ ಅದರ ಪಕ್ಕದಲ್ಲಿ ಇನ್ನೊಂದು ನಿಲ್ಲುತ್ತದೆ ಎಂಬ ಮಾತನ್ನು ಅಚೆಬೆ 'ಚಿ' ಎಂಬ ಪರಿಕಲ್ಪನೆಯನ್ನು ಕುರಿತ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದಾರೆ. ಪ್ರತಿಯೊಬ್ಬನಿಗೂ ಜೊತೆಯಾಗಿ ಬಂದ ದೈವಾಂಶವೇ ಚಿ. ಮನುಷ್ಯ ಹೂಂ ಎಂದರೆ ಅವನ ಚಿಯೂ ಹೂಂ ಎನ್ನುತ್ತದೆ ಎಂಬ ಗಾದೆಯನ್ನು ಒಕೊಂಕ್ವೊನ ಏಳಿಗೆಯ ಕಾಲದಲ್ಲಿ ಊರು ಅವನಿಗೆ ಅನ್ವಯಿಸಿತು. ಗಡಿಪಾರಾದ ಮೇಲೆ, ತನ್ನ ಚಿ ದೊಡ್ಡದಕ್ಕೆ ಹುಟ್ಟಿದ್ದಲ್ಲ, ಗಾದೆಯೇ ಸುಳ್ಳು ಎಂದು ಅವನು ತೀರ್ಮಾನಿಸುತ್ತಾನೆ. ಗಾದೆಗೆ ಪ್ರತಿಗಾದೆ ಇದ್ದೇ ಇರುತ್ತದೆ ಎಂಬುದು ಅವನಿಗೆ ಹೊಳೆಯುವುದಿಲ್ಲ.

ಇನ್ನು ಕಥೆಗಳ ವಿಚಾರ. ಇಕೆಮೆಫುನ ಮೂರು ವರ್ಷ ಒಕೊಂಕ್ವೊನ ಮನೆಯಲ್ಲಿ ಬೆಳೆದು ಅವನನ್ನು ಅಪ್ಪ ಎಂದು ಕರೆದ ಹುಡುಗ. ಅವನನ್ನು ಕೊಲ್ಲಬೇಕೆಂದು ದೈವವಾಣಿಯಾದಾಗ, ಆ ಕೊಲೆಯಲ್ಲಿ ಕೈಯಿಡಬೇಡವೆಂದು ಹಿರಿಯ ಎಝೆಉಡು ಎಚ್ಚರಿಸಿರುತ್ತಾನೆ. ದುರ್ಬಲನೆನಿಸಿಕೊಳ್ಳುವ ಭಯದಿಂದ ಒಕೊಂಕ್ವೊ ತಾನೇ ಮಚ್ಚು ಎತ್ತುತ್ತಾನೆ. ಅನಂತರ ನಿದ್ದೆಗೆಟ್ಟ ರಾತ್ರಿಗಳು ಕಳೆದು, ನಡುರಾತ್ರಿ ಎಚ್ಚರವಾದಾಗ ಕಿವಿಯ ಬಳಿ ಸೊಳ್ಳೆ ಗುಂಯ್‌ಗುಡುತ್ತದೆ. ಬಾಲ್ಯದಲ್ಲಿ ತಾಯಿ ಹೇಳಿದ ಕಥೆ ನೆನಪಾಗುತ್ತದೆ: ಸೊಳ್ಳೆ ಕಿವಿಯನ್ನು ಮದುವೆಯಾಗಲು ಕೇಳಿತಂತೆ, ನೀನು ಎಷ್ಟು ದಿನ ಬದುಕೀಯೆ ಎಂದು ಕಿವಿ ನಕ್ಕಿತಂತೆ. ತಾನಿನ್ನೂ ಬದುಕಿದ್ದೇನೆಂದು ಹೇಳಲು ಸೊಳ್ಳೆ ಇಂದಿಗೂ ಬರುತ್ತದೆಯಂತೆ. ಹೆಂಗಸರ ಎಲ್ಲ ಕಥೆಗಳಂತೆ ಇದೂ ಹುಚ್ಚುಕಥೆ ಎಂದು ಅವನು ತಳ್ಳಿಹಾಕುತ್ತಾನೆ. ಕೊಂದದ್ದು ಕಿವಿಯ ಬಳಿ ಬಂದು ಬದುಕಿದ್ದೇನೆ ಎನ್ನುತ್ತಿರುವ ಹೊತ್ತಿನಲ್ಲಿ, ಅದನ್ನೇ ಹೇಳುವ ಕಥೆ ಅವನಿಗೆ ಅರ್ಥವಾಗುವುದಿಲ್ಲ.

ಮಗ ನ್ವೊಯೆಗೆ ತಾಯಿ ಹೇಳುವ ಆಮೆಯ ಕಥೆ, ಭೂಮಿ ಆಕಾಶಗಳ ಜಗಳದ ಕಥೆ ಇಷ್ಟ. ತಂದೆಯ ಮೆಚ್ಚುಗೆಗಾಗಿ ಅವನು ಅವನ್ನು ಬಿಟ್ಟು, ರುಂಡ ಕತ್ತರಿಸಿದ ಯುದ್ಧಕಥೆಗಳನ್ನು ಇಷ್ಟಪಟ್ಟಂತೆ ನಟಿಸುತ್ತಾನೆ. ಮುಂದೆ ಮಿಷನರಿಗಳ ಹಾಡು ಅವನನ್ನು ಸೆಳೆಯಿತು. ಕಾಡಿನಲ್ಲಿ ಎಸೆದ ಅವಳಿ ಶಿಶುಗಳ ಅಳು, ಇಕೆಮೆಫುನನ ಕೊಲೆ, ಈ ಎರಡರ ಬಗ್ಗೆ ಅವನೊಳಗೆ ಕಾಡುತ್ತಿದ್ದ ಪ್ರಶ್ನೆಗೆ ಆ ಹಾಡು ಉತ್ತರದಂತೆ ಕೇಳಿಸಿತು. ಹೊಸ ಧರ್ಮದ ತತ್ತ್ವ ಅವನಿಗೆ ತಿಳಿದಿರಲಿಲ್ಲ ಎಂದು ಅಚೆಬೆ ಸ್ಪಷ್ಟವಾಗಿಯೇ ಹೇಳುತ್ತಾರೆ. ಒಳಮನೆಯ ಕಥೆಯನ್ನು ಕಳೆದುಕೊಂಡ ಹುಡುಗ ಹೊರಗಿನ ಹಾಡಿಗೆ ಒಲಿದನು ಎಂದೇ ನಾನು ಇದನ್ನು ಓದುತ್ತೇನೆ.

ಎ.ಕೆ. ರಾಮಾನುಜನ್ ಕನ್ನಡ ಜಾನಪದವನ್ನು ಅಕಂ ಮತ್ತು ಪುರಂ, ಅಂದರೆ ಒಳಮನೆಯ ಹಾಗೂ ಬಹಿರಂಗದ ಲೋಕಗಳಾಗಿ ವಿಂಗಡಿಸಿ ಬರೆದ ಪ್ರಬಂಧ 1986ರಲ್ಲಿ ಪ್ರಕಟವಾಯಿತು. ಅಡುಗೆಮನೆಯಲ್ಲಿ ಅಜ್ಜಿ ಹೇಳುವ ಕಥೆಗೂ ವೃತ್ತಿಗಾಯಕ ಊರ ಮುಂದೆ ಹಾಡುವ ಕಾವ್ಯಕ್ಕೂ ಇರುವ ಭೇದವನ್ನು ಅವರು ಅಲ್ಲಿ ತೋರಿಸುತ್ತಾರೆ. ಆದರೆ ಈ ಲೋಕಗಳ ನಡುವೆ ಗೋಡೆಯಿಲ್ಲ ಎಂಬುದು ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ಗೊತ್ತು. ಅಚೆಬೆಯ ಕಾದಂಬರಿಯಲ್ಲಿಯೂ ಗೋಡೆ ಕಟ್ಟಿದವನು ಒಕೊಂಕ್ವೊ, ಸಮಾಜವಲ್ಲ. ಇದಕ್ಕೆ ಸೋದರಮಾವ ಉಚೆಂಡುವೇ ಸಾಕ್ಷಿ.

ಕುಲಬಾಂಧವನ ಆಕಸ್ಮಿಕ ಸಾವಿಗೆ ಕಾರಣನಾಗಿ ಒಕೊಂಕ್ವೊ ಏಳು ವರ್ಷ ತಾಯಿಯ ತವರಾದ ಮ್ಬಾಂಟಾದಲ್ಲಿ ಇರಬೇಕಾಗುತ್ತದೆ. ಅಲ್ಲಿಗೆ ಅಬಾಮೆ ಎಂಬ ಊರು ನಾಶವಾದ ಸುದ್ದಿ ಬರುತ್ತದೆ. 'ಕಬ್ಬಿಣದ ಕುದುರೆ' ಏರಿ ಬಂದ ಬಿಳಿಯನನ್ನು ಊರವರು ಕೊಂದು, ಅವನ ವಾಹನವನ್ನು ಬೂರುಗದ ಮರಕ್ಕೆ ಕಟ್ಟಿದ್ದರು. ದೊಡ್ಡ ಸಂತೆಯ ದಿನ ಸೈನಿಕರು ಬಂದು ಜನರನ್ನು ಸುತ್ತುವರಿದು ಗುಂಡಿಕ್ಕಿದರು. ಇದು ಕೇವಲ ಕಲ್ಪನೆಯಲ್ಲ. 1905ರ ನವೆಂಬರಿನಲ್ಲಿ ಸೈಕಲ್ಲಿನಲ್ಲಿ ದಾರಿ ತಪ್ಪಿದ ಡಾ. ಸ್ಟೂವರ್ಟ್ ಎಂಬ ಬ್ರಿಟಿಷ್ ವೈದ್ಯ ಅಹಿಯಾರ ಪ್ರದೇಶದಲ್ಲಿ ಕೊಲೆಯಾದನು. ಅದರ ಬೆನ್ನಿಗೆ ಆ ಸೀಮೆಯ ಮೇಲೆ ಸೇನೆಯ ದಂಡನಾ ಕಾರ್ಯಾಚರಣೆ ನಡೆಯಿತು. ಅಬಾಮೆಯ ಪ್ರಸಂಗದ ಹಿಂದೆ ಈ ಘಟನೆಯಿದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಸುದ್ದಿ ಕೇಳಿದ ವೃದ್ಧ ಉಚೆಂಡು, ಸತ್ತ ಬಿಳಿಯ ಸಾಯುವ ಮುನ್ನ ಏನೆಂದನು ಎಂದು ಪ್ರಶ್ನಿಸುತ್ತಾನೆ. ಏನೂ ಹೇಳಲಿಲ್ಲ ಎಂಬ ಉತ್ತರ ಬಂದಾಗ ಹದ್ದಿನ ಕಥೆ ಹೇಳುತ್ತಾನೆ. ಮರಿಹದ್ದು ಬಾತುಮರಿಯನ್ನು ಎತ್ತಿ ತಂದಾಗ ಬಾತಿನ ತಾಯಿ ಸುಮ್ಮನೆ ಹೊರಟುಹೋಯಿತು ಎಂದು ತಿಳಿದು, ಮೌನದ ಹಿಂದೆ ಅಪಾಯವಿದೆ, ಹಿಂದಿರುಗಿಸಿ ಬಾ ಎಂದು ತಾಯಿಹದ್ದು ಹೇಳುತ್ತದೆ. ಕೋಳಿಮರಿ ತಂದಾಗ ತಾಯಿಕೋಳಿ ಕೂಗಾಡಿ ಶಪಿಸಿತೆಂದು ಕೇಳಿ, ಹಾಗಾದರೆ ತಿನ್ನಬಹುದು ಎನ್ನುತ್ತದೆ. ಮಕ್ಕಳಿಗೆ ಹೇಳುವ ಬಗೆಯ ಪ್ರಾಣಿಕಥೆ ಇಲ್ಲಿ ವಸಾಹತು ಸೇನೆಯ ನಡೆಯನ್ನು ಅರ್ಥೈಸುವ ರಾಜನೀತಿಯಾಗಿದೆ. ಕೇಳುತ್ತ ಕುಳಿತ ಒಕೊಂಕ್ವೊನ ಪ್ರತಿಕ್ರಿಯೆಯೇನು? ಅಬಾಮೆಯವರು ಮೂರ್ಖರು, ಸಂತೆಗೂ ಬಂದೂಕು ಮಚ್ಚುಗಳನ್ನು ಒಯ್ಯಬೇಕಿತ್ತು ಎಂಬುದಷ್ಟೆ. ಇದಕ್ಕೆ ಮೊದಲು ಇದೇ ಉಚೆಂಡು, ಹೆಣ್ಣುಮಕ್ಕಳಿಗೆ 'ತಾಯಿಯೇ ಹಿರಿಯಳು' ಎಂಬ ಅರ್ಥದ ನ್ನೆಕ ಎಂಬ ಹೆಸರನ್ನು ಏಕೆ ಇಡುತ್ತಾರೆಂದು ಅವನನ್ನು ಕೇಳಿದ್ದನು. ಅವನಿಗೆ ಉತ್ತರ ತಿಳಿದಿರಲಿಲ್ಲ.

ಅಂತ್ಯವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಸಭೆಯನ್ನು ನಿಲ್ಲಿಸಲು ಬಂದ ನ್ಯಾಯಾಲಯದ ಜವಾನನ ತಲೆಯನ್ನು ಒಕೊಂಕ್ವೊ ಕಡಿದಾಗ ಊರು ಅವನ ಹಿಂದೆ ನಿಲ್ಲುವುದಿಲ್ಲ. ಅವನು ನೇಣು ಹಾಕಿಕೊಳ್ಳುತ್ತಾನೆ. ಆತ್ಮಹತ್ಯೆ ಭೂದೇವಿ ಆನಿಯ ವಿರುದ್ಧದ ಅಪರಾಧವಾದುದರಿಂದ ಕುಲದವರು ಆ ದೇಹವನ್ನು ಮುಟ್ಟುವಂತಿಲ್ಲ. ಅಪರಿಚಿತರು ಹೂಳಿದ ಮೇಲೆ ಅವರು ನೆಲದ ಶುದ್ಧಿ ಮಾಡಬೇಕು. ಆನಿಗೆ ಅವನು ಎಸಗಿದ ಅಪರಾಧಗಳಲ್ಲಿ ಇದು ಕೊನೆಯದು: ಶಾಂತಿವಾರದಲ್ಲಿ ಹೆಂಡತಿಯನ್ನು ಹೊಡೆದದ್ದು, ಇಕೆಮೆಫುನನ ಕೊಲೆ, ಕುಲಬಾಂಧವನ ಸಾವು ಎಲ್ಲವೂ ಭೂಮಿಗೆ ಸಂಬಂಧಿಸಿದವು. ತಂದೆ ಉನೋಕನಿಗೂ ಬಾವಿನ ಕಾಯಿಲೆಯಿಂದಾಗಿ ಮಣ್ಣು ದೊರೆತಿರಲಿಲ್ಲ. ಅವನನ್ನು ದುಷ್ಟಾರಣ್ಯಕ್ಕೆ ಒಯ್ದು ಬಿಟ್ಟಿದ್ದರು. ತಂದೆಯಂತಾಗಬಾರದೆಂದು ಓಡಿದವನು ತಂದೆಯ ಸ್ಥಿತಿಗೇ ಬಂದು ನಿಂತನು. ಇಗ್ಬೊ ಕೇಳುಗನಿಗೆ ದುರಂತ ಇಲ್ಲಿದೆ, ಬ್ರಿಟಿಷರ ಗೆಲುವಿನಲ್ಲಿ ಅಲ್ಲ.

ಆ ಶವದ ಮುಂದೆ ನಿಂತ ಜಿಲ್ಲಾಧಿಕಾರಿ ತಕ್ಷಣ 'ಆದಿಮ ಆಚರಣೆಗಳ' ಅಭ್ಯಾಸಿಯಾಗುತ್ತಾನೆ. ತಾನು ಬರೆಯಲಿರುವ ಪುಸ್ತಕದಲ್ಲಿ ಈ ಮನುಷ್ಯನಿಗೆ ಒಂದು ಪರಿಚ್ಛೇದವನ್ನು ಕೊಡಬಹುದೆಂದು ಲೆಕ್ಕ ಹಾಕುತ್ತಾನೆ. ನಮ್ಮ ಶಾಸ್ತ್ರದ ವಂಶಾವಳಿಯಲ್ಲಿ ಇವನೂ ಇದ್ದಾನೆ. ಎಡ್ಗರ್ ಥರ್ಸ್ಟನ್‌ನ ಏಳು ಸಂಪುಟಗಳನ್ನು (1909) ಇಂದಿಗೂ ಉಲ್ಲೇಖಿಸುವ ನಾವು ಇದನ್ನು ಮರೆಯುವಂತಿಲ್ಲ. ಆದರೆ ಎಲ್ಲ ಸಂಗ್ರಹಕಾರರೂ ಒಂದೇ ಬಗೆಯವರಲ್ಲ. ಇಗ್ಬೊ ಸೀಮೆಯಲ್ಲಿ 1910ರಿಂದ 1913ರ ನಡುವೆ ತಿರುಗಾಡಿದ ಸರಕಾರಿ ಮಾನವಶಾಸ್ತ್ರಜ್ಞ ನಾರ್ತ್‌ಕೋಟ್ ಥಾಮಸ್ ಮೇಣದ ಉರುಳೆಗಳ ಮೇಲೆ ಧ್ವನಿ ಮುದ್ರಿಸಿದನು, ತನ್ನ ವರದಿಯಲ್ಲಿ ಗಾದೆ ಕಥೆಗಳಿಗೆ ಒಂದು ಭಾಗವನ್ನೇ ಮೀಸಲಿಟ್ಟನು. ಕಾದಂಬರಿಯ ಜಿಲ್ಲಾಧಿಕಾರಿಗೆ ಅಷ್ಟು ವ್ಯವಧಾನವಿಲ್ಲ. ಆ ಕೊನೆಯ ಅಧ್ಯಾಯದಲ್ಲಿ ಅವನು ಮಾತನಾಡಿಸುವುದು ಹಜಾರದಲ್ಲಿ ಕುಳಿತ ಗಂಡಸರನ್ನು ಮಾತ್ರ. ಆಮೆಯ ಕಥೆ ಹೇಳುತ್ತಿದ್ದ ಎಕ್ವೆಫಿಯಾಗಲಿ, ಅದನ್ನು ಕೇಳುತ್ತ ಬೆಳೆದ ಎಝಿನ್ಮಳಾಗಲಿ ಅಲ್ಲಿ ಕಾಣಿಸುವುದೇ ಇಲ್ಲ.