ನಾಗರಕಲ್ಲಿನ ಹರಕೆ, ಗಂಡಸಿನ ಜ್ವರ

ಹಿಂದೂಪುರದಲ್ಲಿ ಬೆಂಗಳೂರು ಕಡೆಯ ರೈಲು ಹತ್ತಿದರೆ, ಗಡಿ ದಾಟಿದ ಸ್ವಲ್ಪ ಹೊತ್ತಿಗೆ ವಿದುರಾಶ್ವತ್ಥ ಸಿಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಈ ಊರು ಇತಿಹಾಸ ಓದಿದವರಿಗೆ ಗೊತ್ತಿರುವುದು 1938ರ ಏಪ್ರಿಲ್ 25ರಂದು ಸ್ವಾತಂತ್ರ್ಯ ಹೋರಾಟಗಾರರ ಮೇಲೆ ನಡೆದ ಗೋಲಿಬಾರಿನಿಂದ. ಉತ್ತರ ಪಿನಾಕಿನಿಯ ಆಚೀಚಿನ ಕನ್ನಡ, ತೆಲುಗು ಮನೆಗಳಿಗೆ ಮಾತ್ರ ಅದು ಸಂತಾನದ ಹರಕೆಯ ಜಾಗ. ಮಹಾಭಾರತದ ವಿದುರ ನೆಟ್ಟದ್ದೆಂದು ಜನ ನಂಬಿದ್ದ ಅರಳಿಮರ 2001ರಲ್ಲಿ ಉರುಳಿತು. ಸುತ್ತಲಿನ ಸಾವಿರಾರು ನಾಗರಕಲ್ಲುಗಳು ಇದ್ದಲ್ಲೇ ಇವೆ.

ಪದ್ಧತಿ ಹಳೆಯದು. ಹೆಣೆದುಕೊಂಡ ಎರಡು ಹಾವುಗಳನ್ನು ಕಲ್ಲಿನಲ್ಲಿ ಕಡೆಯಿಸಿ, ಕೆಲಕಾಲ ನೀರಿನಲ್ಲಿಟ್ಟು, ಆಮೇಲೆ ಅರಳಿಯ ಬುಡದಲ್ಲಿ ಪ್ರತಿಷ್ಠೆ ಮಾಡುತ್ತಾರೆ. ಪ್ರತಿಷ್ಠೆಯ ದಿನ ಗಂಡಹೆಂಡಿರು ಜೊತೆಯಲ್ಲಿ ಕೂರುತ್ತಾರೆ. ಅದಕ್ಕೆ ಮೊದಲು ಒದ್ದೆ ಸೀರೆಯಲ್ಲಿ ಕಟ್ಟೆ ಸುತ್ತುವುದು, ಉಪವಾಸ ಇರುವುದು, ಬಂಜೆ ಎನ್ನಿಸಿಕೊಳ್ಳುವುದು ಹೆಣ್ಣಿನ ಪಾಲು. ಮಕ್ಕಳಾಗದಿದ್ದರೆ ಗಂಡಿಗೆ ಇನ್ನೊಂದು ಮದುವೆ ಮಾಡುವ ಮಾತು ಬರುತ್ತಿತ್ತೇ ಹೊರತು, ಅವನಿಗೆ ಯಾವಾಗ ಯಾವ ಜ್ವರ ಬಂದಿತ್ತು ಎಂದು ಕೇಳಿದವರಿಲ್ಲ.

ಕೇಳಬೇಕಿತ್ತು. ಯಾಕೆಂದರೆ ಹಿಂದಿನ ಕಾಲದ ಊರುಗಳಲ್ಲಿ ಸಿಡುಬು ಮನೆಮನೆಗೂ ಬಂದುಹೋಗುತ್ತಿತ್ತು. ಅಮ್ಮ ಬಂದಳೆಂದು ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ತಂಪು ಮಾಡಿ, ಬದುಕಿ ಉಳಿದವನ ಮುಖದ ಕಲೆಗಳನ್ನು ಎಲ್ಲರೂ ನೋಡಿದರು. ಒಳಗಿನ ಕಲೆ ಯಾರ ಕಣ್ಣಿಗೂ ಬೀಳಲಿಲ್ಲ. ಮುಂಬೈನ ಎ.ಎಂ. ಫಡ್ಕೆ ಮತ್ತು ಸಂಗಡಿಗರು 1973ರಲ್ಲಿ ಸಿಡುಬಿಗೂ ಗಂಡಸಿನ ಸಂತಾನಹೀನತೆಗೂ ಇರುವ ನಂಟಿನ ಬಗ್ಗೆ ವೈದ್ಯ ಪತ್ರಿಕೆಯಲ್ಲಿ ಬರೆದರು. ವೃಷಣ ಕೆಲಸ ಮಾಡುತ್ತಿದ್ದರೂ ಅದಕ್ಕೆ ಅಂಟಿಕೊಂಡ ಸುರುಳಿನಾಳ ಉರಿಯೂತದಿಂದ ಗಾಯಗೊಂಡು ಮುಚ್ಚಿಹೋದರೆ, ವೀರ್ಯಾಣು ಹೊರಬರಲು ದಾರಿಯೇ ಇರುವುದಿಲ್ಲ. ಭಾರತದ ಕೊನೆಯ ಸಿಡುಬು ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. ಅದಕ್ಕಿಂತ ಹಿಂದಿನ ಎಷ್ಟು ನಾಗರಕಲ್ಲುಗಳ ಹಿಂದೆ ಗಂಡಸಿನ ಸಿಡುಬು ಇತ್ತೆಂದು ಲೆಕ್ಕ ಹಾಕಲು ಈಗ ಸಾಧ್ಯವಿಲ್ಲ.

ಮಂಗನಬಾವಿನ ಕಥೆ ಇನ್ನೂ ಹಳೆಯದು. ಕೆನ್ನೆ ಬಾತವರಲ್ಲಿ ಕೆಲವರಿಗೆ ವೃಷಣವೂ ಬಾತು ನೋಯುವುದನ್ನು ಗ್ರೀಸಿನ ಹಿಪ್ಪೊಕ್ರೆಟಿಸ್ ಪರಂಪರೆಯ ವೈದ್ಯರು ಕ್ರಿಸ್ತಪೂರ್ವದಲ್ಲೇ ಬರೆದಿಟ್ಟಿದ್ದರು. ಚಿಕ್ಕ ಮಕ್ಕಳಲ್ಲಿ ಹೀಗೆ ವೃಷಣ ಬಾತುಕೊಳ್ಳುವುದು ಅಪರೂಪ. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ತಗುಲಿದ ಗಂಡಸರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬನಿಗೆ ಹೀಗಾಗಬಹುದು. ಹೆಚ್ಚಾಗಿ ಒಂದೇ ಕಡೆ ಆಗುವುದರಿಂದ ಪೂರ್ತಿ ಬಂಜೆತನ ವಿರಳ. ಆದರೂ ಬಾವು ಇಳಿದ ಮೇಲೆ ವೃಷಣ ಕುಗ್ಗುವುದು, ವೀರ್ಯಾಣು ಕಡಿಮೆಯಾಗುವುದು ಉಂಟು.

ರೋಗಾಣುವಿನಷ್ಟೇ ಹಾನಿಯನ್ನು ಅದರ ವಿರುದ್ಧ ದೇಹ ಹೂಡುವ ಕಾಳಗವೂ ಮಾಡುತ್ತದೆ. ವೀರ್ಯಾಣು ಹುಟ್ಟುವುದು ಪ್ರಾಯ ಬಂದ ಮೇಲೆ. ತನ್ನದು ಯಾವುದು, ಪರರದು ಯಾವುದು ಎಂದು ರೋಗನಿರೋಧಕ ವ್ಯವಸ್ಥೆ ಕಲಿತು ಎಷ್ಟೋ ವರ್ಷಗಳಾದ ನಂತರ. ಹಾಗಾಗಿ ಅದರ ಕಣ್ಣಿಗೆ ವೀರ್ಯಾಣು ಹೊರಗಿನದು. ಇಟಲಿಯ ಎನ್ರಿಕೊ ಸೆರ್ಟೊಲಿ 1865ರಲ್ಲಿ ಗುರುತಿಸಿದ ಜೀವಕೋಶಗಳು ಒತ್ತೊತ್ತಾಗಿ ಕೂತು, ಬೆಳೆಯುವ ವೀರ್ಯಾಣುವಿಗೂ ರಕ್ತಕ್ಕೂ ನಡುವೆ ಗೋಡೆಯಾಗಿರುತ್ತವೆ. ಸೋಂಕು ಬಂದಾಗ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಪ್ರೋಟೀನುಗಳು ಹೆಚ್ಚುತ್ತವೆ. ಟಿಎನ್‌ಎಫ್ ಅತಿಯಾದರೆ ಗೋಡೆಯ ಬೆಸುಗೆ ಸಡಿಲವಾಗುತ್ತದೆ, ವೃಷಣದ ಲೇಡಿಗ್ ಕೋಶಗಳಲ್ಲಿ ಟೆಸ್ಟೊಸ್ಟೆರೋನ್ ಹಾರ್ಮೋನಿನ ತಯಾರಿ ತಗ್ಗುತ್ತದೆ. ಗೋಡೆ ಒಡೆದಲ್ಲಿ ವೀರ್ಯಾಣುವಿನ ವಿರುದ್ಧವೇ ಪ್ರತಿಕಾಯ ಹುಟ್ಟಬಹುದು. ಸಂತಾನವಿಲ್ಲದ ಕೆಲವು ಗಂಡಸರ ರಕ್ತದಲ್ಲಿ ಇಂಥ ಪ್ರತಿಕಾಯ ಇರುವುದನ್ನು ಸಂಶೋಧಕರಾದ ರುಮ್ಕೆ ಮತ್ತು ವಿಲ್ಸನ್ 1954ರಲ್ಲಿ ಬೇರೆಬೇರೆಯಾಗಿ ತೋರಿಸಿದರು. ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಜ್ವರ ಮರೆತುಹೋದ ಮೇಲೆ ಪರಿಣಾಮ ಕಾಣುವುದು ಅದಕ್ಕೇ.

ಅನಂತಪುರ ಜಿಲ್ಲೆಯ ಕಲ್ಯಾಣದುರ್ಗದ ಕಡೆ ಹೋದರೆ ಕಥೆ ಕುರಿಹಟ್ಟಿಗೆ ಬರುತ್ತದೆ. ಬಳ್ಳಾರಿಯಿಂದ 1882ರಲ್ಲಿ ಬೇರೆಯಾದ ಅನಂತಪುರ ಮಳೆ ಕಮ್ಮಿಯ ಜಿಲ್ಲೆ. ಕುರುಬರಿಗೂ ಗೊಲ್ಲರಿಗೂ ಕುರಿಯೇ ಆಸ್ತಿ. ಬೀಜದ ಟಗರು ಕೊಳ್ಳುವಾಗ ಅನುಭವಸ್ಥ ಕುರಿಗಾರ ಹಲ್ಲು ನೋಡಿ, ಬೆನ್ನು ಒತ್ತಿ, ಬೀಜ ಎರಡನ್ನೂ ಅಂಗೈಯಲ್ಲಿ ಹಿಡಿದು ತೂಗುತ್ತಾನೆ. ಒಂದು ಗಟ್ಟಿ, ಒಂದು ಮೆದುವಾಗಿದ್ದರೆ ಟಗರು ಬೇಡ. ಹಿಂಡಿನಲ್ಲಿ ಹಲವು ಕುರಿಗಳು ಗಬ್ಬ ನಿಲ್ಲದಿದ್ದರೆ ಅವನ ಅನುಮಾನ ಹೋಗುವುದು ಟಗರಿನ ಮೇಲೆ. ಮನೆಯೊಳಗೆ ಮಾತ್ರ ಈ ವಿವೇಕಕ್ಕೆ ಜಾಗ ಸಿಗಲಿಲ್ಲ.

ಕುರಿಹಟ್ಟಿಯಿಂದ ಗಂಡಸಿಗೆ ತಗುಲುವ ಜ್ವರವೂ ಒಂದಿದೆ. ಕುರಿ ಕಂದು ಹಾಕಲು ಒಂದು ಕಾರಣ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ. ವೈದ್ಯ ಡೇವಿಡ್ ಬ್ರೂಸ್ ಅದನ್ನು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಬೇರ್ಪಡಿಸಿದರು. ಅದು ಮೇಕೆಯ ಹಾಲಿನಿಂದ ಮನುಷ್ಯರಿಗೆ ಬರುತ್ತದೆಂದು 1905ರಲ್ಲಿ ಥೆಮಿಸ್ಟೊಕ್ಲಿಸ್ ಝಮ್ಮಿತ್ ಕಂಡುಹಿಡಿದರು. ಹಸಿ ಹಾಲು ಕುಡಿಯುವವರಿಗೆ, ಈಯುವ ಕುರಿಗೆ ಬರಿಗೈಯಲ್ಲಿ ಹೆರಿಗೆ ಮಾಡಿಸುವವರಿಗೆ ಇದು ತಗುಲುತ್ತದೆ. ಬಂದುಹೋಗುವ ಜ್ವರ, ಬೆವರು, ಕೀಲುನೋವು; ಗಂಡಸರಲ್ಲಿ ಕೆಲವರಿಗೆ ವೃಷಣದ ಬಾವು. ವಿಜಯಪುರದ ಬಿ.ಜಿ. ಮಂಟೂರ ಮತ್ತು ಸಂಗಡಿಗರು 16 ವರ್ಷಗಳ ರೋಗಿಗಳ ದಾಖಲೆಯನ್ನು 2006ರಲ್ಲಿ ಪ್ರಕಟಿಸಿದಾಗ, ಈ ರೋಗ ನಮ್ಮ ಹಳ್ಳಿಗಳಲ್ಲಿ ಎಷ್ಟು ವೇಷ ಹಾಕುತ್ತದೆ ಎನ್ನುವುದು ತಿಳಿಯಿತು. ಹೊತ್ತಿಗೆ ಸರಿಯಾಗಿ ಗುರುತಿಸಿದರೆ ಆರು ವಾರಗಳ ಮಾತ್ರೆ, ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ವಾಸಿಯಾಗುತ್ತದೆ.

ಹರಕೆ ಹೊರುವವರು ಹೊರಲಿ, ಅದು ಅವರವರ ಭಕ್ತಿ. ಆದರೆ ಮದುವೆಯಾಗಿ ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಆಸ್ಪತ್ರೆಗೆ ಇಬ್ಬರೂ ಒಟ್ಟಿಗೆ ಹೋಗಬೇಕು. ವೀರ್ಯ ಪರೀಕ್ಷೆ ಸುಲಭ, ನೋವಿಲ್ಲ, ಹೆಣ್ಣಿಗೆ ಮಾಡುವ ಎಷ್ಟೋ ಪರೀಕ್ಷೆಗಳಿಗಿಂತ ಖರ್ಚೂ ಕಡಿಮೆ. ಅದು ಮೊದಲೇ ಆಗಲಿ. ಪ್ರಾಯದಲ್ಲಿ ಬಂದ ಮಂಗನಬಾವು, ಬೀಜ ಬಾತ ದಿನಗಳು, ಕುರಿಹಟ್ಟಿಯ ಕೆಲಸ, ಇವನ್ನೆಲ್ಲ ಗಂಡಸರು ನಾಚದೆ ವೈದ್ಯರಿಗೆ ಹೇಳಿ. ವೃಷಣ ಇದ್ದಕ್ಕಿದ್ದಂತೆ ಬಾತು ನೋಯುತ್ತಿದ್ದರೆ ಅದೇ ದಿನ ತೋರಿಸಿ.